ಎಳ್ಳಮಾಸಿಯ ಬುತ್ತಿ, ಹೊಳೆದಂಡೆಯ ಮೊಸಳೆ



ರಾಯಚೂರಿನಲ್ಲಿ ಚಳಿಗಾಲ ಎಂಬುದೂ ಉಂಟೇ ಎಂದು ದಕ್ಷಿಣದ ಜಿಲ್ಲೆಗಳವರು ನಗುವುದುಂಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಕಾಯುವ ಈ ನೆಲ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಮಾತ್ರ ಮನುಷ್ಯರ ಮೇಲೆ ಸ್ವಲ್ಪ ಕರುಣೆ ತೋರಿಸುತ್ತದೆ. ಮಕ್ಕಳು ಮುದುಕರೆನ್ನದೆ ಮನೆಮಂದಿಯೆಲ್ಲ ಹೊರಬಿದ್ದು, ಹಗಲುಹೊತ್ತು ಬಯಲಿನಲ್ಲಿ ಕುಳಿತು ಉಣ್ಣಬಹುದಾದ ಕಾಲ ಇದೊಂದೇ. ಹೊರಗಿನವರು ಇದನ್ನು ವಿಹಾರ ಎನ್ನಬಹುದು. ಇಲ್ಲಿ ಅದಕ್ಕೊಂದು ಹಬ್ಬವೇ ಇದೆ. ಪಂಚಾಂಗದಲ್ಲಿ ಅದು ಮಾರ್ಗಶಿರ ಬಹುಳ ಅಮಾವಾಸ್ಯೆ, ಜನರ ಬಾಯಲ್ಲಿ ಎಳ್ಳಮಾಸಿ.

ಈ ಹಬ್ಬ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. ಚಾಂದ್ರಮಾನದ ಹನ್ನೆರಡು ತಿಂಗಳಿಗೆ 354 ದಿನ. ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆದ್ದರಿಂದ ಹಬ್ಬ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2024ರಲ್ಲಂತೂ ಜನವರಿ 11ರಂದು ಒಂದು, ಡಿಸೆಂಬರ್ 30ರಂದು ಇನ್ನೊಂದು ಎಂದು ಒಂದೇ ಕ್ಯಾಲೆಂಡರಿನಲ್ಲಿ ಎರಡು ಎಳ್ಳಮಾಸಿಗಳು ಬಂದವು! 2025ರಲ್ಲಿ ಅದು ಡಿಸೆಂಬರ್ 19ಕ್ಕೇ ಬಂತು. ಊಟದ ಮೇಲೂ ಇದರ ಪರಿಣಾಮವಿದೆ. ಜನವರಿಗೆ ಹಬ್ಬ ಬಂದರೆ ಮುಂಚೆ ಬಿತ್ತಿದ ಹೊಲದಲ್ಲಿ ಎಳೆ ಜೋಳದ ಸೀತನಿಯನ್ನು ಸುಟ್ಟು ತಿನ್ನುವ ಯೋಗವಿರುತ್ತದೆ. ಡಿಸೆಂಬರ್ ನಡುವೆಯೇ ಬಂದರೆ ತೆನೆಯಲ್ಲಿ ಇನ್ನೂ ಹಾಲು ತುಂಬಿರುವುದಿಲ್ಲ. ಮನೆಯಿಂದ ತಂದ ಬುತ್ತಿಯೇ ಗತಿ.

ಬುತ್ತಿಯೇನೂ ಕಡಿಮೆಯಲ್ಲ. ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ. ರೊಟ್ಟಿ ಬಡಿಯುವ ಕೆಲಸ ಹಿಂದಿನ ದಿನದಿಂದಲೇ ನಡೆದಿರುತ್ತದೆ. ಹಬ್ಬದ ಸೊಬಗನ್ನು ವರ್ಣಿಸುವವರು ಈ ಕೆಲಸವನ್ನು ಮಾಡುವ ಹೆಣ್ಣುಮಕ್ಕಳ ಮಾತನ್ನು ಎತ್ತುವುದು ಅಪರೂಪ. ಮೊದಲು ಎತ್ತಿನ ಬಂಡಿಯಲ್ಲಿ ಹೊರಡುತ್ತಿದ್ದರು. ಈಗ ಟ್ರ್ಯಾಕ್ಟರ್, ಟಂಟಂ, ಮೋಟಾರ್ ಸೈಕಲ್. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ ದೀಪ ಹಚ್ಚುತ್ತಾರೆ. ಆಮೇಲೆ ಚರಗ. ಮಾಡಿ ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲೆಸಿ, ಒಬ್ಬರು ಮುಂದೆ ಚೆಲ್ಲುತ್ತ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ, ಕೂಗು ಹಾಕಿಕೊಂಡು ಹೊಲದ ಸುತ್ತ ನಡೆಯುತ್ತಾರೆ. ಬೆಳೆ ಹೊತ್ತ ಭೂಮಿತಾಯಿಗೆ ಇದು ಉಡಿ ತುಂಬುವ ಬಗೆ. ಸೀಗಿ ಹುಣ್ಣಿಮೆ ಮುಂಗಾರಿನ ಪೈರಿಗಾದರೆ ಎಳ್ಳಮಾಸಿ ಹಿಂಗಾರಿಗೆ.

ಚೆಲ್ಲಿದ ಚರಗ ಭೂಮಿತಾಯಿಗೆ ಮುಟ್ಟುವ ಮೊದಲು ಯಾರಿಗೆ ಮುಟ್ಟುತ್ತದೆ? ಹಕ್ಕಿಗೆ, ಇರುವೆಗೆ, ಅಳಿಲಿಗೆ. ಸೋಜಿಗವೆಂದರೆ ಉಳಿದ ದಿನಗಳಲ್ಲಿ ಇದೇ ಒಕ್ಕಲಿಗ ಹೊಲದ ನಡುವೆ ಮಂಚಿಗೆ ಕಟ್ಟಿ, ಕವಣೆ ಹಿಡಿದು, ಬೆಳಗಿನಿಂದ ಹಕ್ಕಿ ಓಡಿಸುತ್ತಾನೆ. ಓಡಿಸದೆ ವಿಧಿಯಿಲ್ಲ. ಬಿಳಿಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಇಲ್ಲಿಗೆ ಬರುವ ಅತಿಥಿಗಳು ಸಾಮಾನ್ಯರಲ್ಲ. ಗುಲಾಬಿ ಮೈಯ, ಕಪ್ಪು ತಲೆಯ ಕಬ್ಬಕ್ಕಿಗಳ ಹಿಂಡು ಪೂರ್ವ ಯುರೋಪು ಮತ್ತು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ದಖ್ಖನ್ನಿಗೆ ಇಳಿಯುತ್ತದೆ. ಜೋಳದ ಮೇಲಿನ ಪ್ರೀತಿಯಿಂದಾಗಿ ಇವಕ್ಕೆ ಉತ್ತರ ಭಾರತದಲ್ಲಿ ಜೋಳದ ಹಕ್ಕಿಯೆಂದೇ ಹೆಸರು. ಸಂಜೆ ಗೂಡಿಗೆ ಸೇರುವ ಮುನ್ನ ಸಾವಿರಾರು ಹಕ್ಕಿಗಳು ಆಕಾಶದಲ್ಲಿ ಹೊಗೆಯಂತೆ ಹಿಗ್ಗಿ ಕುಗ್ಗಿ ತಿರುಗುವುದನ್ನು ನೋಡಿದರೆ ಯಾರಿಗಾದರೂ ಬೆರಗಾಗುತ್ತದೆ. ಅವೇ ಹಕ್ಕಿಗಳು ಮೂರು ದಿನ ಎಡೆಬಿಡದೆ ಒಂದು ಹೊಲಕ್ಕೆ ಎರಗಿದರೆ ಆ ಹೊಲದವನಿಗೆ ಬೆರಗಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಮಿಡತೆಯನ್ನು ಮನಸಾರೆ ತಿನ್ನುವ ಹಕ್ಕಿಯೂ ಇದೇ ಎಂಬ ಸಮಾಧಾನ ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಚಿಗರಿಯ ಮಾತೂ ಹೀಗೆಯೇ. ಎರಿ ಹೊಲದ ಅಂಚಿನಲ್ಲಿ ತಿರುಚಿದ ಕೊಂಬಿನ ಕರಿ ಗಂಡು ಚಂಗನೆ ನೆಗೆದರೆ ಪಟ್ಟಣದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕಡಲೆ ಬಿತ್ತಿದವನು ಬೆಳೆಯ ಲೆಕ್ಕ ಹಾಕುತ್ತಾನೆ. ಚಿಗರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯಿದೆ. ಬೆಳೆಗೆ ಅಂಥ ಗಟ್ಟಿ ರಕ್ಷಣೆ ಇಲ್ಲ.

ಆದರೆ ಈ ನೋಟವೆಲ್ಲ ಒಣ ಬೇಸಾಯದ ಎರಿ ಭೂಮಿಯದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದವು: ಎರಡು ಹೊಳೆಗಳ ನಡುವಿನ ನಾಡು. ಹೊಳೆ ಎರಡಿದ್ದರೂ ಹೊಲಕ್ಕೆ ಮಳೆಯೇ ಆಧಾರವಾಗಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಕೆಳಗಿನ ಸಿಂಧನೂರು, ಮಾನ್ವಿ ಭಾಗ ಬತ್ತದ ಸೀಮೆಯಾಯಿತು. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಯೂ ಹಸಿರು ತಂದಿತು. ಜೋಳ ಹಿಂದೆ ಸರಿಯಿತು. ಕೆಸರುಗದ್ದೆಗೆ ಬೆಳ್ಳಕ್ಕಿ, ಕೊಕ್ಕರೆ, ನೀರುಕೋಳಿ ಬಂದವು. ಜೋಳವನ್ನೇ ನಂಬಿದ ಹಕ್ಕಿ ಬೇರೆ ಹೊಲ ಹುಡುಕಿತು. ಕೆಸರಿನಲ್ಲಿ ಕಂಬಳಿ ಹಾಸಿ ಉಣ್ಣಲಾದೀತೇ? ಹಾಗಾಗಿ ಮಾನ್ವಿ ಕಡೆಯ ಕಾಲುವೆ ಕೆಳಗಿನವರು ಎಳ್ಳಮಾಸಿಗೆ ಒಣಹೊಲವುಳ್ಳ ನೆಂಟರ ಕಡೆಗೋ, ಹೊಳೆದಂಡೆಗೋ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ತುಂಗಭದ್ರೆಯ ದಂಡೆಯ ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರು. ದೇವರ ದರ್ಶನವೂ ಆಯಿತು, ಹೊಳೆಯ ಗಾಳಿಯೂ ಸಿಕ್ಕಿತು.

ಇನ್ನು ಮೊಸಳೆಯ ವಿಷಯ.

ಕೃಷ್ಣೆಯ ದಂಡೆಗೆ, ಅಂದರೆ ದೇವದುರ್ಗ ತಾಲ್ಲೂಕಿನ ಗೂಗಲ್ಲು, ಕೊಪ್ಪರದ ಕಡೆಗೋ, ರಾಯಚೂರಿನ ದೇವಸೂಗೂರಿನ ಕಡೆಗೋ, ಹರಿಗೋಲಿನಲ್ಲಿ ಕುರುವಪುರದ ನಡುಗಡ್ಡೆಗೋ ಹೋಗುವ ಕುಟುಂಬಗಳಿಗೆ ಈ ಕಾಲದಲ್ಲಿ ಮೊಸಳೆ ಕಾಣುವ ಸಂಭವ ಹೆಚ್ಚು. ಕಾರಣ ಸರಳ. ಮೊಸಳೆಯದು ತಣ್ಣನೆಯ ರಕ್ತ; ಮೈಯ ಕಾವಿಗೆ ಅದು ಸೂರ್ಯನನ್ನೇ ನಂಬಿದೆ. ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ನೀರಿನಲ್ಲಿ ಮುಳುಗಿರುವ ಪ್ರಾಣಿ ಚಳಿಗಾಲದ ಬೆಳಗಿನಲ್ಲಿ ದಂಡೆಯ ಬಂಡೆಯ ಮೇಲೆ, ಮರಳಿನ ದಿಬ್ಬದ ಮೇಲೆ ಗಂಟೆಗಟ್ಟಲೆ ಕದಲದೆ ಬಿದ್ದಿರುತ್ತದೆ. ಬಾಯಿ ತೆರೆದುಕೊಂಡಿದ್ದರೆ ಸಿಟ್ಟು ಬಂದಿದೆ ಎಂದಲ್ಲ; ಮೈಯ ಶಾಖವನ್ನು ಹದಗೊಳಿಸುವ ಬಗೆ ಅದು. ಆದರೂ ಅದನ್ನು ಎಬ್ಬಿಸಲು ಕಲ್ಲು ಬೀರುವ ತರುಣರು ಒಂದು ಮಾತು ನೆನಪಿಡಬೇಕು: ದಂಡೆಯಲ್ಲಿ ಕಾಣುವ ಮೊಸಳೆಗಿಂತ ನೀರಿನಲ್ಲಿ ಕಾಣದ ಮೊಸಳೆ ಅಪಾಯಕಾರಿ. ಎತ್ತಿಗೆ ನೀರು ಕುಡಿಸಲು, ಬಟ್ಟೆ ಒಗೆಯಲು, ಮೀನು ಹಿಡಿಯಲು ಹೊಳೆಗಿಳಿದವರ ಮೇಲೆ ಮೊಸಳೆ ಎರಗಿದ ಸುದ್ದಿ ಈ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ. ಒಂದು ದಿನ ನೋಡಲು ಬಂದವರು ಸಂಜೆಗೆ ಮನೆ ಸೇರುತ್ತಾರೆ. ದಂಡೆಯ ಊರಿನವರು ಮರುದಿನವೂ ಕೊಡ ಹಿಡಿದು ಅದೇ ನೀರಿಗೆ ಇಳಿಯಬೇಕು. ಊರಿಗೊಂದು ಭದ್ರವಾದ ಸೋಪಾನ, ಮನೆಮನೆಗೆ ನಲ್ಲಿಯ ನೀರು, ಇವು ಕೂಡ ವನ್ಯಜೀವಿ ಸಂರಕ್ಷಣೆಯ ಕೆಲಸಗಳೇ ಎಂದು ಅಧಿಕಾರಿಗಳಿಗೆ ತಿಳಿಸಿ ಹೇಳುವವರು ಬೇಕಾಗಿದೆ.

ಮೊಸಳೆಗೂ ಅದರ ಕಷ್ಟವಿದೆ. ಚಳಿಗಾಲ ಅದರ ಕೂಡುವ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ದಂಡೆಯ ಮರಳಿನಲ್ಲೋ ಮಣ್ಣಿನಲ್ಲೋ ಗುಂಡಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆಯಿಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳಿಗೆ ಮರಿಗಳು ಒಳಗಿನಿಂದಲೇ ಕೂಗುತ್ತವೆ. ತಾಯಿ ಮರಳು ಕೆದರಿ, ಮರಿಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಡುತ್ತದೆ. ಇದಕ್ಕೆಲ್ಲ ಮೊದಲು ದಂಡೆಯಲ್ಲಿ ಮರಳು ಇರಬೇಕಲ್ಲ! ಹೊಳೆ ಬತ್ತುವ ಆ ತಿಂಗಳುಗಳೇ ಮರಳು ಎತ್ತುವವರಿಗೂ ಸುಗ್ಗಿ. ಟಿಪ್ಪರ್ ಓಡಾಡಿದ ದಂಡೆಯಲ್ಲಿ ಮೊಟ್ಟೆ ಉಳಿಯುವುದಿಲ್ಲ. ನೆಲೆ ತಪ್ಪಿದ ಪ್ರಾಣಿ ಊರಿನ ಹಳ್ಳಕ್ಕೆ, ಕಾಲುವೆಗೆ ನುಗ್ಗಿದಾಗ ಮೊಸಳೆ ಊರಿಗೆ ಬಂತು ಎಂದು ಗದ್ದಲವಾಗುತ್ತದೆ. ಮರಳು ಊರಿಗೆ ಬಂದಾಗ ಯಾರೂ ಗದ್ದಲ ಮಾಡಿರುವುದಿಲ್ಲ.

ಹೊತ್ತು ಇಳಿದ ಮೇಲೆ ಮಕ್ಕಳಿಗೆ ದೀಪದ ಆಸೆ. ಅಮಾವಾಸ್ಯೆಯ ರಾತ್ರಿ, ಚಂದ್ರನಿಲ್ಲ. ಸಣ್ಣ ದೀಪವೂ ದೊಡ್ಡದಾಗಿ ಕಾಣುತ್ತದೆ. ಕಾರ್ತಿಕ ಮಾಸ ಮುಗಿದು ತಿಂಗಳಾಗಿದ್ದರೂ ಕೆಲವು ಊರುಗಳಲ್ಲಿ ಹನುಮಪ್ಪನ ಕಾರ್ತಿಕ ಮಾರ್ಗಶಿರಕ್ಕೂ ಜಾರಿರುತ್ತದೆ; ಗುಡಿಯ ಕಟ್ಟೆಯ ಮೇಲೆ ಹಣತೆಗಳ ಸಾಲು ಇನ್ನೂ ಉರಿಯುತ್ತಿರುತ್ತದೆ. ಹಬ್ಬ ಕ್ರಿಸ್‌ಮಸ್ ಆಸುಪಾಸಿಗೆ ಬಂದ ವರ್ಷ ಅದರ ಜೊತೆಗೆ ಬಣ್ಣದ ಕಾಗದದ ನಕ್ಷತ್ರಗಳೂ ಸೇರುತ್ತವೆ. ಇದು ಇತ್ತೀಚಿನ ಫ್ಯಾಷನ್ ಎಂದು ತಿಳಿಯಬೇಕಿಲ್ಲ. ಇದೇ ಜಿಲ್ಲೆಯ ಮುದಗಲ್ಲಿನಲ್ಲಿ ಗೋವೆಯಿಂದ ಬಂದ ಪಾದ್ರಿಗಳು ಕಟ್ಟಿದ ಕ್ಯಾಥೊಲಿಕ್ ಸಮುದಾಯವಿದೆ; ಬಿಜಾಪುರದ ಆದಿಲ್‌ಶಾಹಿ ಸುಲ್ತಾನರು ಅವರಿಗೆ ದಾನ ಕೊಟ್ಟಿದ್ದರು.

ರಾಯಚೂರಿನ ಕಡೆಗೆ ಮರಳುವವರಿಗೆ ಇನ್ನೊಂದು ದೀಪಾವಳಿ ಕಾಣುತ್ತದೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಈಗ ಅಲ್ಲಿ ಎಂಟು ಘಟಕಗಳಿದ್ದು, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಕೃಷ್ಣೆಯ ನೀರು ಹೀರಿ, ದೂರದ ಕಲ್ಲಿದ್ದಲು ಸುಟ್ಟು, ರಾಜ್ಯಕ್ಕೆ ಬೆಳಕು ಕೊಡುವ ಆ ಚಿಮಣಿಗಳ ಕೆಂಪು ದೀಪಗಳನ್ನು ಮಕ್ಕಳು ಟ್ರ್ಯಾಕ್ಟರಿನ ಟ್ರಾಲಿಯಿಂದಲೇ ಎಣಿಸುತ್ತಾರೆ. ದಂಡೆಯ ಹೊಲಗಳ ಮೇಲೆ ಬೀಳುವ ಹಾರುಬೂದಿಯನ್ನು ಎಣಿಸುವುದು ದೊಡ್ಡವರ ಪಾಲಿಗೆ.

ಮನೆ ಸೇರುವ ಹೊತ್ತಿಗೆ ಬುತ್ತಿಗಂಟು ಬರಿದಾಗಿರುತ್ತದೆ. ಬನ್ನಿಯ ಬುಡದ ಐದು ಕಲ್ಲುಗಳ ಮುಂದಿನ ದೀಪ ಎಣ್ಣೆ ಇರುವಷ್ಟು ಹೊತ್ತು ಹೊಲದಲ್ಲಿ ಉರಿದು ಆರುತ್ತದೆ. ಮರುದಿನ ಬೆಳಗಾಗುತ್ತಲೇ ಕವಣೆಗಳು ಹೊರಗೆ ಬರುತ್ತವೆ. ಬಿಳಿಜೋಳ ಬಲಿತು ಕೊಯ್ಲಿಗೆ ಬರಲು ಇನ್ನೂ ತಿಂಗಳಿಗಿಂತ ಹೆಚ್ಚು ದಿನ ಬೇಕು.