ಪಿಕಪ್‌ಗೆ ಗಿಡ್ಡ ಆಂಟೆನಾ ಹಾಕ್ಸೋಕೆ ಮುಂಚೆ

ಹೋದ ಎಪಿಸೋಡ್‌ನಲ್ಲಿ ವಾಹನ ಸಾಲದ ಬಡ್ಡಿ ಅಂತ ತಲೆ ತಿಂದಿದ್ದೆ. ಇವತ್ತು ಅಷ್ಟು ಭಾರ ಇಲ್ಲ, ಒಂದು ಕಡ್ಡಿಯ ವಿಷಯ. ಪಿಕಪ್ ಮೇಲೆ ನಿಂತಿರುತ್ತಲ್ಲ, ಆ ರೇಡಿಯೋ ಆಂಟೆನಾ.

ನಮ್ಮ ಮಾವ ಶ್ರೀನಿವಾಸಪುರದ ಕಡೆಯಿಂದ ಬೆಂಗಳೂರಿಗೆ ಪಿಕಪ್ ಓಡಿಸ್ತಾರೆ. ಸೀಸನ್‌ನಲ್ಲಿ ಮಾವು, ಉಳಿದ ದಿನ ಟೊಮೆಟೊ. ಟಾರ್ಪಾಲ್ ಹಗ್ಗ ಎಳೆಯುವಾಗ ಒಂದ್ಸಲ, ತೋಪಲ್ಲಿ ಕೊಂಬೆಗೆ ಸಿಕ್ಕಿ ಇನ್ನೊಂದ್ಸಲ ಆಂಟೆನಾ ಮುರಿದು ಹೋಯ್ತು. "ಈ ಸಲ ಬೆರಳುದ್ದದ್ದು ಹಾಕ್ಸಿಬಿಡ್ತೀನಿ ಕಣೋ" ಅಂದ್ರು. ನನಗೆ ಯೋಚನೆ ಶುರುವಾಯ್ತು. ಯಾಕಂದ್ರೆ ರಾತ್ರಿಯೆಲ್ಲಾ ಲೋಡ್ ಇಳಿಸಿ, ಬೆಳಿಗ್ಗೆ ಖಾಲಿ ಗಾಡೀಲಿ ಒಬ್ಬರೇ ವಾಪಸ್ ಬರ್ತಾರೆ. ಕಣ್ಣು ಎಳೆಯೋ ಹೊತ್ತು ಅದು. ಅವರನ್ನ ಎಚ್ಚರ ಇಡೋದು ಆ ರೇಡಿಯೋನೇ. ಫೋನ್ ಇದೆಯಲ್ಲ ಅಂತೀರಾ? ಹಾಡು ಬದಲಾಯಿಸೋಕೆ ಸ್ಕ್ರೀನ್ ನೋಡ್ಬೇಕು. ರೇಡಿಯೋ ಗುಂಡಿ ಎಲ್ಲಿದೆ ಅಂತ ಕೈಗೇ ಗೊತ್ತು.

ಈಗ ಲೆಕ್ಕ. ಬೆಂಗಳೂರಿನ ವಿವಿಧ ಭಾರತಿ 102.9 ಮೆಗಾಹರ್ಟ್ಸ್. ಬೆಳಕಿನ ವೇಗವನ್ನ ಅದರಿಂದ ಭಾಗಿಸಿದ್ರೆ ಒಂದು ಅಲೆಯ ಉದ್ದ ಸುಮಾರು 2.9 ಮೀಟರ್. ಅದರ ಕಾಲು ಭಾಗ 73 ಸೆಂಟಿಮೀಟರ್. ಹಳೇ ಆಂಟೆನಾಗಳು ಮುಕ್ಕಾಲು ಮೀಟರ್ ಆಸುಪಾಸು ಇರ್ತಿದ್ದಿದ್ದು ಇದಕ್ಕೇ. ನಾನು ಬಿಕಾಂ, ಭಾಗಾಕಾರಕ್ಕಿಂತ ಮುಂದೆ ಹೋಗಲ್ಲ ಬಿಡಿ.

ಗಿಡ್ಡ ರಬ್ಬರ್ ಆಂಟೆನಾ ಒಳಗೆ ತಂತಿಯನ್ನ ಸ್ಪ್ರಿಂಗ್ ಥರ ಸುತ್ತಿರ್ತಾರೆ. ಇದರಿಂದ ಅದೇ ಫ್ರೀಕ್ವೆನ್ಸಿಗೆ ಹೊಂದಿಕೊಳ್ಳುತ್ತೆ, ನಿಜ. ಆದ್ರೆ ಎತ್ತರ ಕಡಿಮೆ ಆದಷ್ಟೂ ಹಿಡಿಯೋ ಸಿಗ್ನಲ್ ಕಡಿಮೆ. ಜೆ.ಸಿ. ರೋಡಲ್ಲಿ ನಿಂತು ಟೆಸ್ಟ್ ಮಾಡಿದ್ರೆ ಯಾವ ಆಂಟೆನಾ ಆದ್ರೂ ಪಾಸ್. ಹೊಸಕೋಟೆ ದಾಟಿ ಕೋಲಾರದ ಕಡೆ ಹೋದ್ಮೇಲೆ ತಾನೇ ಅದರ ಬಂಡವಾಳ ಗೊತ್ತಾಗೋದು? ಇನ್ನು ಮೀಡಿಯಂ ವೇವ್, ಅಂದ್ರೆ ಆಕಾಶವಾಣಿಯ 612 ಕಿಲೋಹರ್ಟ್ಸ್: ಅಲೆಯ ಉದ್ದ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್! ಅದಕ್ಕೆ ಎಲ್ಲ ಗಾಡಿ ಆಂಟೆನಾನೂ ಗಿಡ್ಡವೇ. ಅದನ್ನೂ ಕತ್ತರಿಸಿದ್ರೆ ಕೊರ್ ಅನ್ನೋ ಸದ್ದೇ ಜಾಸ್ತಿ.

ನಾವು ಬೆರಳುದ್ದದ್ದು ಬಿಟ್ಟು, ಸುಮಾರು 40 ಸೆಂಟಿಮೀಟರಿನ ಬಗ್ಗೋ ಆಂಟೆನಾ ಹಾಕ್ಸಿದ್ವಿ. ಹಗ್ಗ ತಾಗಿದ್ರೆ ಬಾಗಿ ಮತ್ತೆ ನೆಟ್ಟಗಾಗುತ್ತೆ. ಕೋಲಾರದ ಹತ್ತಿರ ಸ್ವಲ್ಪ ಸುಯ್ ಅನ್ನುತ್ತೆ, ಮಾತು ಮಾತ್ರ ತಿಳಿಯುತ್ತೆ ಅಂತಾರೆ ಮಾವ.

ತಗೊಳ್ಳೋಕೆ ಮುಂಚೆ ಹಳೇದನ್ನ ಬಿಚ್ಚಿ ಜೊತೇಲಿ ಒಯ್ಯಿರಿ, ಥ್ರೆಡ್ ಅಳತೆ ಬೇರೆ ಬೇರೆ ಇರುತ್ತೆ. ಬುಡದಲ್ಲಿ ತುಕ್ಕಿದ್ರೆ ಉಜ್ಜಿಸಿ. ಗಾಡಿಯ ಲೋಹದ ಬಾಡಿನೇ ಆಂಟೆನಾದ ಇನ್ನರ್ಧ, ಅರ್ಥಿಂಗ್ ಸರಿ ಇಲ್ಲದಿದ್ರೆ ಎಷ್ಟು ಉದ್ದ ಹಾಕಿದ್ರೂ ಕೊರ್‌ಕೊರ್. "ಬೂಸ್ಟರ್ ಹಾಕ್ಸಿ" ಅಂತ ಯಾರಾದ್ರೂ ಅಂದ್ರೆ ನೆನಪಿಡಿ, ಅದಕ್ಕೆ 12 ವೋಲ್ಟ್ ಕನೆಕ್ಷನ್ ಬೇಕು, ಮತ್ತೆ ಅದು ಗಲಾಟೆಯನ್ನೂ ಸೇರಿಸಿಯೇ ದೊಡ್ಡದು ಮಾಡುತ್ತೆ.

ಮತ್ತೊಂದು. ಬದಲಾಯಿಸೋ ಹಿಂದಿನ ದಿನ, ನಿಮ್ಮ ಸ್ಟೇಷನ್ ಯಾವ ಊರ ಹತ್ತಿರ ಮಸುಕಾಗುತ್ತೆ ಅಂತ ಗುರುತು ಹಾಕ್ಕೊಳ್ಳಿ. ಹೊಸದು ಹಾಕಿದ್ಮೇಲೆ ಅದೇ ರಸ್ತೇಲಿ, ಅದೇ ಹೊತ್ತಿಗೆ ಓಡಿಸಿ ನೋಡಿ. ಅಲ್ಲೀವರೆಗೂ ಹಳೇ ಆಂಟೆನಾ ಬಿಸಾಕ್ಬೇಡಿ.