ಕೈ ಹಿಡಿಯುವ ಮನೆ, ಕೈ ಕಟ್ಟುವ ಮನೆ



ಮುಪ್ಪಿನ ಪರಾವಲಂಬನೆಯ ಮಾತು ಬಂದರೆ ನಾವು ನೇರವಾಗಿ ಮಂಡಿಗೆ, ಕಣ್ಣಿನ ಪೊರೆಗೆ, ಸಕ್ಕರೆ ಕಾಯಿಲೆಗೆ ಹೋಗಿ ನಿಲ್ಲುತ್ತೇವೆ. ಅವನ್ನು ವೈದ್ಯರಿಗೆ ಬಿಡೋಣ. ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು. ಒಂದೇ ವಯಸ್ಸಿನ, ಒಂದೇ ಬಗೆಯ ಮಂಡಿನೋವಿನ ಇಬ್ಬರಲ್ಲಿ ಒಬ್ಬರು ತಾವೇ ಸ್ನಾನ ಮಾಡಿ ಬರುತ್ತಾರೆ. ಇನ್ನೊಬ್ಬರು ಯಾರಾದರೂ ಕೈ ಹಿಡಿಯಲಿ ಎಂದು ಕಾಯುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು?

1994ರಲ್ಲಿ ಅಮೆರಿಕದ ಲೋಯಿಸ್ ವರ್‌ಬ್ರುಗ್ ಮತ್ತು ಅಲನ್ ಜೆಟ್ ಇದಕ್ಕೊಂದು ಉತ್ತರ ಕೊಟ್ಟರು. ಮೈಗೆ ಎಷ್ಟು ಸಾಧ್ಯ, ಸುತ್ತಲಿನ ಪರಿಸರ ಅದರಿಂದ ಎಷ್ಟು ಕೇಳುತ್ತದೆ, ಈ ಎರಡರ ನಡುವಿನ ಅಂತರವೇ ಅಶಕ್ತತೆ ಎಂದರು. ಮಲೆನಾಡಿನ ಹಳೆಯ ಮನೆಯೊಂದನ್ನು ನೆನೆಯಿರಿ. ಬಚ್ಚಲು ಹಿಂಬದಿಗೆ. ಅಲ್ಲಿಗೆ ಹೋಗಲು ಎತ್ತರದ ಹೊಸ್ತಿಲು ದಾಟಬೇಕು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಬೇಕು. ನೀರು ಕಾಯಲು ಸೌದೆ ಬೇಕು. ಗೋಡೆಗೊಂದು ಹಿಡಿಕೆ, ಕೂರಲು ಸ್ಟೂಲು, ಒಂದು ದೀಪ ಇಷ್ಟಾದರೆ ಅದೇ ಮಂಡಿ ಇನ್ನಷ್ಟು ಕಾಲ ನಡೆಸುತ್ತದೆ. ಆದರೆ ಮನೆ ರಿಪೇರಿಗೆ ದುಡ್ಡು ಕೂಡಿದಾಗ ನಾವು ಮೊದಲು ಹಾಕಿಸುವುದು ನುಣುಪಾದ ಟೈಲ್ಸು. ಅದರ ಮೇಲೆ ಜಾರಿ ಬಿದ್ದು ತೊಡೆಮೂಳೆ ಮುರಿದರೆ ‘ವಯಸ್ಸಾಯ್ತಲ್ಲ’ ಎನ್ನುತ್ತೇವೆ.

ಪರಾವಲಂಬನೆಯನ್ನು ಅಳೆಯುವ ಕ್ರಮದಲ್ಲೇ ಒಂದು ಸ್ವಾರಸ್ಯವಿದೆ. 1963ರಲ್ಲಿ ಸಿಡ್ನಿ ಕಾಟ್ಸ್ ಮತ್ತು ಸಂಗಡಿಗರು ಆರು ಸಂಗತಿಗಳನ್ನು ಗುರುತಿಸಿದರು: ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇನ್ನೊಂದು ಪಟ್ಟಿ ಮಾಡಿದರು: ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧಿ, ಹಣಕಾಸು. ಎಂಟನ್ನೂ ಕೇಳುತ್ತಿದ್ದದ್ದು ಹೆಂಗಸರಿಗೆ. ಗಂಡಸರ ಮಟ್ಟಿಗೆ ಅಡುಗೆ, ಮನೆಗೆಲಸ, ಒಗೆತ ಬಿಟ್ಟು ಐದಕ್ಕೇ ಅಂಕವಿತ್ತು. ಅಡುಗೆ ಬಾರದ ಗಂಡಸು ಅವರ ಕಣ್ಣಿಗೆ ಪರಾವಲಂಬಿಯಾಗಿ ಕಾಣಲಿಲ್ಲ; ಅವನಿಗೊಬ್ಬಳು ಹೆಂಡತಿ ಇದ್ದೇ ಇರುತ್ತಾಳಲ್ಲ!

ಇಲ್ಲದೆ ಹೋದಾಗ ಏನಾಗುತ್ತದೆಂದು ನಿಮಗೆ ಗೊತ್ತು. ಹೆಂಡತಿಯ ತಿಥಿ ಮುಗಿಯುವಷ್ಟರಲ್ಲಿ, ನಿನ್ನೆವರೆಗೆ ಗಟ್ಟಿಮುಟ್ಟಾಗಿದ್ದ ಯಜಮಾನರು ಒಂದು ಲೋಟ ಕಾಫಿಗೆ ಸೊಸೆಯ ಮುಖ ನೋಡುತ್ತಾರೆ. ಕೈಕಾಲಿಗೆ ಏನೂ ಆಗಿರುವುದಿಲ್ಲ. ಅತ್ತ, ಜೀವನವಿಡೀ ಸಂಸಾರ ತೂಗಿಸಿದ ಹೆಂಗಸಿಗೆ ಗಂಡ ಹೋದಮೇಲೆ ಪಾಸ್‌ಬುಕ್ಕು ಎಲ್ಲಿದೆ, ಪಹಣಿ ಯಾರ ಹೆಸರಿನಲ್ಲಿದೆ ತಿಳಿಯದು. ಮಗ ಬಿಡುವಾಗುವವರೆಗೆ ತಾಲ್ಲೂಕು ಕಚೇರಿಯ ಕೆಲಸ ನಿಂತಂತೆಯೇ. ಇಬ್ಬರ ಈ ಅಸಹಾಯಕತೆಗೂ ತಳಪಾಯ ಬಿದ್ದದ್ದು ಮದುವೆಯಾದ ಹೊಸತರಲ್ಲಿ, ಒಳಗಿನದು ನಿನಗೆ, ಹೊರಗಿನದು ನನಗೆ ಎಂದು ಹಂಚಿಕೊಂಡಾಗ. 2017–18ರಲ್ಲಿ ನಡೆದ ರಾಷ್ಟ್ರಮಟ್ಟದ ವಯೋವೃದ್ಧರ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ಸುಮಾರು ಕಾಲುಭಾಗ ಜನರಿಗೆ ಸ್ನಾನ, ಉಡುಪಿನಂಥ ಕೆಲಸಗಳಲ್ಲಿ ಒಂದಾದರೂ ಕಷ್ಟವೆಂದು ಕಂಡುಬಂತು. ಅಡುಗೆ, ಹಣಕಾಸಿನಂಥ ಎರಡನೆಯ ಬಗೆಯ ಕೆಲಸಗಳಿಗೆ ಬಂದರೆ ಹೆಚ್ಚುಕಡಿಮೆ ಅರ್ಧ ಜನ. ಈ ಹೆಚ್ಚಳವನ್ನೆಲ್ಲ ಮೂಳೆ, ಸ್ನಾಯುಗಳ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಬಸ್ಸು ಹತ್ತುವ ಅಜ್ಜಿಯರನ್ನು ಕಂಡು ನಗುವವರಿದ್ದಾರೆ. ಮೊದಲಾದರೆ ಮಗಳ ಮನೆಗೆ ಹೋಗಲು ಆಕೆ ಮಗನ ಹತ್ತಿರ ದುಡ್ಡು ಕೇಳಬೇಕಿತ್ತು. ಜೊತೆಗೆ ಕಾರಣವನ್ನೂ ಹೇಳಬೇಕಿತ್ತು. ಈಗ ಗುರುತಿನ ಚೀಟಿ ತೋರಿಸಿ ಕೂತರಾಯಿತು. (ಬಸ್ಸಿನ ಮೆಟ್ಟಿಲು ಮಾತ್ರ ಅಷ್ಟೇ ಎತ್ತರ.)

ಇನ್ನು ಸ್ವಲ್ಪ ಕಹಿ ಮಾತು. ಜರ್ಮನಿಯ ಮನೋವಿಜ್ಞಾನಿ ಮಾರ್ಗ್ರೆಟ್ ಬಾಲ್ಟೆಸ್ ವೃದ್ಧಾಶ್ರಮಗಳಲ್ಲಿ ಗಮನಿಸಿದ್ದಿದು: ಮುದುಕರು ತಾವೇ ಅಂಗಿ ತೊಟ್ಟುಕೊಂಡರೆ ಬಹುಮಟ್ಟಿಗೆ ಯಾರೂ ಅತ್ತ ನೋಡುವುದಿಲ್ಲ, ಆಗದು ಎಂದು ಕೂತರೆ ಜನ ಬಳಿಗೆ ಬರುತ್ತಾರೆ, ಮಾತಾಡಿಸುತ್ತಾರೆ. ಮಾತಿಗಾಗಿ ಹಂಬಲಿಸುವ ಜೀವ ಇದನ್ನು ಬೇಗ ಕಲಿಯುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಪ್ರೀತಿಯೂ ಅವಸರವೂ ಲೋಕಾಪವಾದದ ಭಯವೂ ಸೇರುತ್ತವೆ. ‘ನೀವು ಸುಮ್ಮನೆ ಕೂತ್ಕೊಳ್ಳಿ ಅಪ್ಪಾ, ನಾನು ತಂದ್ಕೊಡ್ತೀನಿ.’ ಬೆಳಿಗ್ಗೆ ಎಂಟು ಗಂಟೆಗೆ ಶಾಲೆ, ಆಫೀಸಿನ ಗಡಿಬಿಡಿಯಲ್ಲಿ ಅಪ್ಪ ಗುಂಡಿ ಹಾಕಿಕೊಳ್ಳುವವರೆಗೆ ಕಾಯುವುದಕ್ಕಿಂತ ತಾವೇ ಹಾಕುವುದು ಸಲೀಸು. ಅಪ್ಪ ಹಾಲು ತರಲು ಹೊರಟರೆ ಬೀದಿಯವರು ಏನಂದಾರು? ಹೀಗೆ ಒಂದೊಂದೇ ಕೆಲಸ ಕೈಯಿಂದ ಜಾರುತ್ತದೆ. ಬಿಟ್ಟ ಕೆಲಸ ಮುಪ್ಪಿನಲ್ಲಿ ಮರಳಿ ಕೈಗೆ ಹತ್ತುವುದು ಕಷ್ಟ.

ಉತ್ತರ ಕರ್ನಾಟಕದ ಚಿತ್ರವೇ ಬೇರೆ. ರಾಯಚೂರು, ಯಾದಗಿರಿ ಕಡೆ ಮಗ-ಸೊಸೆ ಗುಳೆ ಹೋದರೆ ಅಜ್ಜಿ ಮೊಮ್ಮಕ್ಕಳನ್ನು ಹಿಡಿದುಕೊಂಡು ಊರಲ್ಲೇ ಉಳಿಯುತ್ತಾಳೆ. ಅವಳ ಮಂಡಿಯನ್ನು ಕೇಳುವವರಿಲ್ಲ. ಆದರೂ ಓಣಿಯ ಮನೆಗಳು ಒತ್ತೊತ್ತಾಗಿರುವುದರಿಂದ ಕೂಗಿದರೆ ಓಗೊಡುವವರಿರುತ್ತಾರೆ. ಮಲೆನಾಡಿನ ಒಂಟಿಮನೆಯ ಮುದುಕರಿಗೆ ಆ ಭಾಗ್ಯವೂ ಇಲ್ಲ.

ದುಡ್ಡಿನ ಮಾತು ಚುಟುಕಾಗಿ ಮುಗಿಸುತ್ತೇನೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಸಹಾಯಕಿಯನ್ನು ಇಟ್ಟುಕೊಳ್ಳಲಾಗದು, ನಿಜ. ಆದರೆ ಅದು ಮುದುಕಿಯ ಕೈಯಲ್ಲೇ ಉಳಿದರೆ ಮಾತ್ರೆಗೆ, ಆಟೋಗೆ ಇನ್ನೊಬ್ಬರನ್ನು ಬೇಡುವುದು ತಪ್ಪುತ್ತದೆ. 2007ರ ಪೋಷಣಾ ಕಾಯ್ದೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಲ್ಲದು, ಆರೈಕೆ ಮಾಡುವ ಕೈಯನ್ನಲ್ಲ. ಆ ಕೈ ಸಾಮಾನ್ಯವಾಗಿ ಸೊಸೆಯದೋ ಮಗಳದೋ ಆಗಿರುತ್ತದೆ, ಅದಕ್ಕೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಜಪಾನಿನಲ್ಲೂ ಹೀಗೇ ಇತ್ತು. ಆ ಹೊರೆಯನ್ನು ಸಮಾಜ ಹಂಚಿಕೊಳ್ಳಲೆಂದು 2000ದಲ್ಲಿ ಆರೈಕೆ ವಿಮೆ ತಂದು, 40 ದಾಟಿದವರಿಂದ ಕಂತು ಕಟ್ಟಿಸಿಕೊಳ್ಳತೊಡಗಿದರು.

ನಮ್ಮಲ್ಲಿ ಅಷ್ಟು ದೊಡ್ಡದಕ್ಕೆ ಕಾಯಬೇಕಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ಊಟ, ಉಡುಪು, ಸ್ನಾನ, ಶೌಚಕ್ಕೆ ಇತರರ ನೆರವು ಬೇಕೇ ಎಂಬುದು ಅವುಗಳಲ್ಲೊಂದು. ಅದರ ಕೆಳಗೆ ಇನ್ನು ನಾಲ್ಕು ಸಾಲು ಸೇರಲಿ: ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಬಚ್ಚಲು ಎಷ್ಟು ದೂರ, ಪಿಂಚಣಿ ಯಾರ ಕೈ ಸೇರುತ್ತದೆ, ಕಳೆದ ವರ್ಷದವರೆಗೆ ನೀವೇ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬೇರೆಯವರು ಮಾಡುತ್ತಿದ್ದಾರೆ.