ಪಾಲು ಕೊಳ್ಳುವ ಮುನ್ನ ಲೆಕ್ಕ ಕೇಳಿ

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಪ್ರಿಯ ಸಹೋದರರೇ, ನಮ್ಮ ಯುವಕರು ಈಗ ಮತ್ತೆ ಮತ್ತೆ ಕೇಳುವ ಪ್ರಶ್ನೆ, “ಉಸ್ತಾದರೇ, ಶೇರು ಹಲಾಲಾ, ಹರಾಮಾ?” ಎಂಬುದು. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಶೇರು ಎಂದರೆ ಪಾಲು. ದಿನಸಿ, ಬಟ್ಟೆ ಮಾರುವ ದೊಡ್ಡ ಮಳಿಗೆಯ ಕಂಪೆನಿಯ ಒಂದು ಶೇರು ಕೊಂಡರೂ ನಾವು ಆ ಅಂಗಡಿಯ ಪಾಲುದಾರರು. ಪಾಲುದಾರಿಕೆಯನ್ನು ಇಸ್ಲಾಮ್ ಒಪ್ಪಿದೆ. ಆದರೆ ಲಾಭದಲ್ಲಿ ಪಾಲು ಬಯಸುವವನು ನಷ್ಟದಲ್ಲೂ ಅಲ್ಲಿನ ವ್ಯವಹಾರದ ಹೊಣೆಯಲ್ಲೂ ಪಾಲು ಹೊರಬೇಕು.

ಖದೀಜಾ(ರ) ಸಿರಿಯಾದ ವ್ಯಾಪಾರಕ್ಕೆ ತಮ್ಮ ಬಂಡವಾಳವನ್ನು ಮುಹಮ್ಮದ್(ಸ)ರ ಕೈಗೆ ಕೊಟ್ಟದ್ದು ಅವರ ಪ್ರಾಮಾಣಿಕತೆಯನ್ನು ಕೇಳಿ ತಿಳಿದ ಮೇಲೆ. ಜೊತೆಗೆ ಸೇವಕ ಮೈಸರಾರನ್ನೂ ಕಳುಹಿಸಿದರು. ವಿಶ್ವಾಸವಿತ್ತು, ವಿಚಾರಣೆಯೂ ಇತ್ತು. ನಾವಾದರೋ ಒಂದು ಕಿಲೋ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವೆ. ಲಕ್ಷ ರೂಪಾಯಿಯ ಶೇರನ್ನು ವಾಟ್ಸಪ್ ಸಂದೇಶ ನೋಡಿ ಕೊಳ್ಳುತ್ತೇವೆ.

ಮೊದಲು ಸರಕನ್ನು ವಿಚಾರಿಸೋಣ. ನಗರಗಳ ಕೆಲವು ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ಸಾಬೂನಿನ ಜೊತೆ ಮದ್ಯದ ವಿಭಾಗವೂ ಇದೆ. ಅದರ ಆದಾಯ ಎಷ್ಟೆಂದು ಕಂಪೆನಿಯ ವಾರ್ಷಿಕ ವರದಿಯಲ್ಲಿ ಹುಡುಕಬೇಕು.

ಎರಡನೆಯದು ಬಡ್ಡಿಯ ಸಾಲ. ಬಿಗ್ ಬಜಾರ್ ಮಳಿಗೆಗಳಲ್ಲಿ ರಿಯಾಯಿತಿಯ ದಿನ ಕಾಲಿಡಲು ಜಾಗವಿರುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದ ಫ್ಯೂಚರ್ ರೀಟೇಲ್ ಸಾಲ ತೀರಿಸಲಾಗದೆ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪೆನಿ ಮುಳುಗಿದಾಗ ಸಾಲ ಕೊಟ್ಟವರ ಸರದಿ ಮೊದಲು, ಶೇರುದಾರನದು ಕೊನೆ. ಬಿಲ್ಲಿಂಗ್ ಕೌಂಟರಿನ ಮುಂದಿರುವ ಜನ ಕಣ್ಣಿಗೆ ಕಾಣುತ್ತಾರೆ, ಕಂಪೆನಿಯ ಸಾಲ ಕಾಣುವುದಿಲ್ಲ. ಡಿಮಾರ್ಟ್ ಹೆಚ್ಚಾಗಿ ಸ್ವಂತ ಕಟ್ಟಡದಲ್ಲಿ, ಕಡಿಮೆ ಸಾಲದಲ್ಲಿ ಬೆಳೆಯಿತು. 2017ರ ಮಾರ್ಚ್‌ನಲ್ಲಿ 299 ರೂಪಾಯಿಗೆ ಕೊಟ್ಟ ಅದರ ಶೇರು ಮೊದಲ ದಿನವೇ 600 ದಾಟಿತು. ಆದರೆ ಒಳ್ಳೆಯ ಅಂಗಡಿಯ ಪಾಲನ್ನೂ ಅತಿ ಬೆಲೆಗೆ ಕೊಂಡರೆ ನಷ್ಟವಾಗಬಹುದು.

ಬಹರೈನ್‌ನ ಆವೋಫಿ ಸಂಸ್ಥೆಯ ವಿದ್ವಾಂಸರು ಒಂದು ಮಿತಿ ಹಾಕಿದ್ದಾರೆ. ಕಂಪೆನಿಯ ಮೂಲ ವ್ಯವಹಾರ ಹಲಾಲ್ ಆಗಿರಬೇಕು. ಬಡ್ಡಿಯ ಸಾಲ ಅದರ ಮಾರುಕಟ್ಟೆ ಮೌಲ್ಯದ ಶೇ. 30ನ್ನು, ನಿಷಿದ್ಧ ಆದಾಯ ಒಟ್ಟು ಆದಾಯದ ಶೇ. 5ನ್ನು ಮೀರಬಾರದು. ಆ ನಿಷಿದ್ಧ ಭಾಗದ ನಮ್ಮ ಪಾಲನ್ನೂ ಇಟ್ಟುಕೊಳ್ಳದೆ ಬಡವರಿಗೆ ಕೊಟ್ಟುಬಿಡಬೇಕು. ಇಷ್ಟನ್ನೂ ಒಪ್ಪದ ಉಲಮಾಗಳಿದ್ದಾರೆ. ಮನಸ್ಸಿಗೆ ಸಂಶಯವಿದ್ದರೆ ದೂರವಿರುವುದೇ ಲೇಸು.

ಮೂರನೆಯದು ಜೂಜು. ಮೊಬೈಲ್‌ನಲ್ಲಿ ಬೆಳಿಗ್ಗೆ ಹಾಕಿ ಸಂಜೆಗೆ ತೆಗೆಯುವ ಫ್ಯೂಚರ್ಸ್, ಆಪ್ಶನ್ಸ್ ಆಟದಲ್ಲಿ ಅಂಗಡಿಯೂ ಇಲ್ಲ, ಪಾಲೂ ಇಲ್ಲ. ಬೆಲೆಯ ಮೇಲೆ ಪಂದ್ಯ ಮಾತ್ರ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ತಾಯಿಯ ಅಡವಿಟ್ಟ ಬಳೆ, ಹೆಂಡತಿಯ ಮಹರ್ ಎಷ್ಟಿದ್ದವೋ ಅಲ್ಲಾಹನೇ ಬಲ್ಲ. ಮಹರ್ ಅವಳ ಸೊತ್ತು. ಅವಳು ಮನಸಾರೆ ಒಪ್ಪದೆ ಮುಟ್ಟುವ ಹಕ್ಕು ನಮಗಿಲ್ಲ.

‘ಹಲಾಲ್’ ಎಂಬ ಫಲಕ ನೋಡಿಯೂ ಮರುಳಾಗಬೇಡಿ. 2019ರಲ್ಲಿ ಬೆಂಗಳೂರಿನಲ್ಲಿ ಅದೇ ಹೆಸರು ಹೇಳಿ ಹಣ ಪಡೆದ ಸಂಸ್ಥೆ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಹೋಯಿತು. ತಿಂಗಳಿಗೊಮ್ಮೆ ಕೈಸೇರುವ ಲಾಭ ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ಅವಿಶ್ವಾಸವಲ್ಲ, ಅಮಾನತ್ತಿನ ರಕ್ಷಣೆ.

ಸಹೋದರರೇ, ಸಾಲ ಮಾಡಿ ಹೂಡಬೇಡಿ. ಮಕ್ಕಳ ಫೀಸು, ಮನೆಯ ಔಷಧಿಯ ಹಣ ಹೂಡಬೇಡಿ. ಮನೆಯವರಿಗೆ ತಿಳಿಸದೆ ಹೂಡಬೇಡಿ. ಹೂಡಿದ್ದರೆ ವರ್ಷಕ್ಕೊಮ್ಮೆ ಝಕಾತ್‌ನ ಲೆಕ್ಕ ಹಾಕಿ. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಎರಡೂ ಪ್ರಶ್ನೆಗಳು ನಾಳೆ ನಮ್ಮ ಮುಂದಿವೆ. ಅಲ್ಲಾಹನು ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.